ಶಟರ್ ಮುಚ್ಚುತ್ತಿಲ್ಲವೆಂದು ಸೇಫ್ಟಿ ಎಡ್ಜ್ ತಪ್ಪಿಸಬೇಡಿ

ಮಾನ್ಯ ಸಂಪಾದಕರೇ,

ಕಾರ್ಖಾನೆ, ಗೋದಾಮುಗಳ ಮೋಟರ್ ಶಟರ್‌ಗಳ ತಳದಲ್ಲಿರುವ ರಬ್ಬರ್ ಪಟ್ಟಿ ದೂಳು ತಡೆಯಲು ಇರುವುದೆಂದೇ ಅನೇಕರು ತಿಳಿದಿದ್ದಾರೆ. ಅದರೊಳಗೆ ಸೇಫ್ಟಿ ಎಡ್ಜ್ ಸೆನ್ಸರ್ ಇದೆ. ಇಳಿಯುವ ಬಾಗಿಲು ಯಾರಿಗಾದರೂ ತಗುಲಿದೊಡನೆ ಅದನ್ನು ನಿಲ್ಲಿಸಿ ಮೇಲಕ್ಕೆ ಕಳಿಸುವುದು ಇದೇ ಸೆನ್ಸರ್.

ಇದರ ಒಂದು ಸಾಮಾನ್ಯ ಬಗೆಯಲ್ಲಿ ರಬ್ಬರಿನೊಳಗೆ ಪರಸ್ಪರ ತಾಗದ ಎರಡು ವಾಹಕ ಪಟ್ಟಿಗಳಿದ್ದು, ತುದಿಯಲ್ಲಿ 8.2 ಕಿಲೋ ಓಮ್ ರೆಸಿಸ್ಟರ್ (ವಿದ್ಯುತ್ ಹರಿವಿಗೆ ನಿಗದಿತ ರೋಧ ಒಡ್ಡುವ ಪುಟ್ಟ ಬಿಡಿಭಾಗ) ಇರುತ್ತದೆ. ಒತ್ತಿದರೆ ರೋಧ ಸೊನ್ನೆಯತ್ತ ಇಳಿಯುತ್ತದೆ, ತಂತಿ ತುಂಡಾದರೆ ವಿಪರೀತ ಏರುತ್ತದೆ. ಎರಡನ್ನೂ ಮೋಟರಿನ ನಿಯಂತ್ರಣ ಪ್ಯಾನೆಲ್ ಗುರುತಿಸಿ ಬಾಗಿಲು ಇಳಿಯುವುದನ್ನು ತಡೆಯುತ್ತದೆ.

ಸಾಮಾನ್ಯವಾಗಿ ಮೊದಲು ಕೈಕೊಡುವುದು ಬಾಗಿಲಿನೊಂದಿಗೆ ಹಿಗ್ಗಿ ಕುಗ್ಗುವ ಸುರುಳಿ ಕೇಬಲ್. ಹೊರಕವಚ ಸರಿಯಾಗಿಯೇ ಕಾಣುತ್ತದೆ, ಆದರೆ ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಬಾಗಿನಲ್ಲಿ ಒಳಗಿನ ಎಳೆ ಮುರಿದಿರುತ್ತದೆ. ಬಾಗಿಲು ಒಮ್ಮೆ ಮುಚ್ಚುತ್ತದೆ, ಒಮ್ಮೆ ಇಲ್ಲ. ಹೊರಗೆ ಲಾರಿ ಕಾಯುತ್ತಿರುವಾಗ ಯಾರೋ ಎಡ್ಜ್‌ನ ತಂತಿ ಬಿಚ್ಚಿ, ಪ್ಯಾನೆಲ್‌ನ ಟರ್ಮಿನಲ್‌ಗೇ 8.2 ಕಿಲೋ ಓಮ್ ರೆಸಿಸ್ಟರ್ ಸಿಕ್ಕಿಸುತ್ತಾರೆ. ಎಡ್ಜ್ ಸರಿಯಿದೆಯೆಂದೇ ಪ್ಯಾನೆಲ್ ತಿಳಿಯುತ್ತದೆ; ದೋಷದ ದೀಪ ಆರುತ್ತದೆ, ಬಾಗಿಲೂ ಮುಚ್ಚುತ್ತದೆ. ಆಮೇಲೆ ಕೆಳಗೆ ಮನುಷ್ಯನೇ ಸಿಕ್ಕಿಕೊಂಡರೂ ಎಡ್ಜ್ ಬಾಗಿಲನ್ನು ನಿಲ್ಲಿಸದು. ಇದನ್ನು ದುರಸ್ತಿ ಎನ್ನಲಾಗದು. ಇದು ಕೆಲಸಗಾರರ ಜೀವದ ಜೊತೆ ಚೆಲ್ಲಾಟ.

ಮಾಲೀಕರು ಇಂದೇ ಅರ್ಹ ಎಲೆಕ್ಟ್ರಿಷಿಯನ್ ಕೈಯಲ್ಲಿ, ವಿದ್ಯುತ್ ಕಡಿದು, ಪ್ಯಾನೆಲ್ ತೆರೆಸಿ ನೋಡಲಿ. ಟರ್ಮಿನಲ್‌ನಲ್ಲಿ ಬಿಡಿ ರೆಸಿಸ್ಟರ್ ಕಂಡರೆ ಕೂಡಲೇ ಬಾಗಿಲಿನ ಬಳಕೆ ನಿಲ್ಲಿಸಿ. ಎಡ್ಜ್‌ನ ತಂತಿಗಳನ್ನು ಬಿಡಿಸಿ ಮಲ್ಟಿಮೀಟರ್ ಹಿಡಿದರೆ 8.2ರ ಆಸುಪಾಸು ಬರಬೇಕು. ಕೇಬಲ್ ಎಳೆದು ಅಲುಗಿಸಿದಾಗ ಅಂಕಿ ಕುಣಿದರೆ ಕೇಬಲ್ ಬದಲಿಸಿ. ಒತ್ತದಿದ್ದರೂ ತೀರಾ ಕಡಿಮೆ ಬಂದರೆ ರಬ್ಬರಿನೊಳಗೆ ನೀರು ಸೇರಿರಬಹುದು. ತುದಿಯ ಮುಚ್ಚಳ ಪರೀಕ್ಷಿಸಿ. ಅತಿಗೆಂಪು ಕಿರಣದಿಂದ ಕೆಲಸ ಮಾಡುವ ಇನ್ನೊಂದು ಬಗೆಯ ಎಡ್ಜ್‌ಗೆ ಈ ಅಳತೆ ಅನ್ವಯಿಸದು.

ಬಾಗಿಲು ನೆಲ ಮುಟ್ಟಿ ವಾಪಸ್ ಏರುತ್ತಿದ್ದರೆ ಮೊದಲು ಲಿಮಿಟ್ (ಬಾಗಿಲು ಎಲ್ಲಿ ನಿಲ್ಲಬೇಕೆಂದು ಹೊಂದಿಸಿದ ಬಿಂದು) ಜಾರಿದೆಯೇ ನೋಡಿ. ನೆಲವನ್ನೇ ಅಡಚಣೆ ಎಂದು ತಿಳಿಯದಿರಲೆಂದು ಕೊನೆಯ 5 ಸೆಂ.ಮೀ.ನಷ್ಟರಲ್ಲಿ ಮಾತ್ರ ಎಡ್ಜ್‌ನ ಹಿಮ್ಮುಖ ಆದೇಶವನ್ನು ಕಡೆಗಣಿಸುವ ವ್ಯವಸ್ಥೆ ಇರುತ್ತದೆ. ಸುಲಭವೆಂದು ಈ ಕಡೆಗಣಿಕೆ ಶುರುವಾಗುವ ಬಿಂದುವನ್ನು ಮೇಲಕ್ಕೇರಿಸಿದರೆ ಕೆಳಗೆ ಬಿದ್ದವನಿಗೆ ರಕ್ಷಣೆಯೇ ಇರದು.

ಸೆನ್ಸರ್ ಸರಿಯಿದ್ದರಷ್ಟೇ ಸಾಲದು, ಬ್ರೇಕ್ ಕೂಡ ಹಿಡಿಯಬೇಕು. ಮುಚ್ಚುವ ಅಂಚಿನ ಸಂದು 50ರಿಂದ 500 ಮಿ.ಮೀ. ಇರುವಾಗ ಬಡಿತದ ಬಲ 400 ನ್ಯೂಟನ್ ಮೀರಬಾರದು, 0.75 ಸೆಕೆಂಡಿನೊಳಗೆ 150ಕ್ಕೆ ಇಳಿಯಬೇಕು ಎನ್ನುತ್ತದೆ ಯುರೋಪಿನ ಇಎನ್ 12453 ಮಾನದಂಡ. ಇದನ್ನು ಬಲಮಾಪಕದಿಂದಲೇ ಅಳೆಯಬೇಕು. ದೈನಂದಿನ ಪರೀಕ್ಷೆಗೆ ಎಡ, ನಡು, ಬಲ ಮೂರೂ ಕಡೆ ಗಟ್ಟಿ ರಟ್ಟಿನ ಪೆಟ್ಟಿಗೆಯಿಟ್ಟು ಬಾಗಿಲು ಇಳಿಸಿ ನೋಡಿ. ಕೈ ಒಡ್ಡಬೇಡಿ.

ಬಿಡಿಭಾಗ ಬರುವವರೆಗೆ ಮುಚ್ಚಲೇಬೇಕೆಂದರೆ, ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಇಳಿಯುವ ಕ್ರಮಕ್ಕೆ ಪ್ಯಾನೆಲನ್ನು ಹೊಂದಿಸಿ. ಗುಂಡಿ ಒತ್ತುವವರಿಗೆ ಇಡೀ ಬಾಗಿಲು ಕಾಣುತ್ತಿರಬೇಕು, ರಿಮೋಟ್ ಬಳಸುವಂತಿಲ್ಲ.

– ಶಟರ್ ನಿರ್ವಹಣಾ ತಂತ್ರಜ್ಞರು