ಸೀರೆಯ ಚೀಟಿಯ ಮೇಲಿನ ಸುಳ್ಳು: ಕಾನೂನಿದೆ, ಅದನ್ನು ಹಿಡಿದು ನಡೆಸುವವರು ಬೇಕು

ಸಂಪಾದಕರಿಗೆ,

ಮಾನ್ಯರೇ,

ಮದುವೆಯ ಹಂಗಾಮು ಬಂತೆಂದರೆ ಅಂಗಡಿಗಳ ಮುಂದಿನ ಫಲಕಗಳಲ್ಲೂ ಮೊಬೈಲಿಗೆ ಬರುವ ಜಾಹೀರಾತುಗಳಲ್ಲೂ ‘ಅಪ್ಪಟ ಇಳಕಲ್ ಕೈಮಗ್ಗದ ಸೀರೆ’ ಎಂಬ ಬರಹ ಎಲ್ಲೆಡೆ ಕಾಣತೊಡಗುತ್ತದೆ. ಹೀಗೆ ಮಾರಾಟವಾಗುವ ಸೀರೆಗಳಲ್ಲಿ ಎಷ್ಟೋ ಸೀರೆಗಳು ಕೈಮಗ್ಗದ ಮೇಲೆ ನೇಯ್ದವಲ್ಲ ಎಂಬುದು ನೇಕಾರರಿಗೂ ಗೊತ್ತು, ವ್ಯಾಪಾರಿಗಳಿಗೂ ಗೊತ್ತು. ಗೊತ್ತಿಲ್ಲದಿರುವುದು ಹಣ ಕೊಡುವ ಗಿರಾಕಿಗೆ ಮಾತ್ರ. ಇದನ್ನು ವ್ಯಾಪಾರದಲ್ಲಿ ನಡೆಯುವಂಥದ್ದೇ ಎಂದು ನಾವೆಲ್ಲ ಸುಮ್ಮನಿದ್ದೇವೆ. ಆದರೆ ಸರಕಿನ ಮೇಲೆ ಸುಳ್ಳು ಬರೆದು ಮಾರುವುದು ನಮ್ಮ ದೇಶದಲ್ಲಿ ಜೈಲುಶಿಕ್ಷೆಗೆ ಗುರಿಮಾಡುವ ಅಪರಾಧ. ಆ ಕಾನೂನುಗಳು ಏನು ಹೇಳುತ್ತವೆ, ಇಷ್ಟೆಲ್ಲ ಇದ್ದೂ ನೇಕಾರನಿಗೆ ಅವು ಏಕೆ ಒದಗುತ್ತಿಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಅಧಿಕಾರಿಗಳ ಗಮನಕ್ಕೆ ತರಲು ಬಯಸುತ್ತೇನೆ.

ಮೊದಲು ಸೀರೆಯ ವಿಷಯ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಯುವ ನೂಲು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಹಾಸಿನ ಎಳೆಗಳ ತುದಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ, ಆಮೇಲೆ ನೇಯುತ್ತಾರೆ. ಆದ್ದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಸಿದ್ಧಮಾಡಬೇಕಾಗುತ್ತದೆ. ಟೋಪಿ ತೆನಿಯ ಸೆರಗೆಂದು ನಾವು ಕರೆಯುವುದು ಇದನ್ನೇ. ಸೆರಗು ಆರಂಭವಾಗುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರೆ, ಎರಡು ಬಣ್ಣದ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡ ಸಣ್ಣ ಸಾಲು ಬರಿಗಣ್ಣಿಗೇ ಕಾಣುತ್ತದೆ, ಉಗುರಿಗೂ ತಾಗುತ್ತದೆ. ವಿದ್ಯುತ್ ಮಗ್ಗದ ನಕಲಿಯಲ್ಲಿ ಸಾಮಾನ್ಯವಾಗಿ ಈ ಸಾಲು ಇರುವುದಿಲ್ಲ. ಒಡಲಿನ ಹಾಸೇ ಸೆರಗಿನ ತುದಿಯವರೆಗೂ ಹರಿದಿರುತ್ತದೆ, ಕೆಲವದರಲ್ಲಂತೂ ಸೆರಗಿನ ತೆನೆಯನ್ನು ಬಟ್ಟೆಯ ಮೇಲೆ ಅಚ್ಚು ಒತ್ತಿರುತ್ತಾರೆ. ರೇಷ್ಮೆಯ ಜಾಗದಲ್ಲಿ ಚಮಕಾ, ಅಂದರೆ ಕೃತಕ ರೇಷ್ಮೆ, ಇರುವುದೂ ಉಂಟು. ಚಮಕಾ ಹಾಕಿ ನೇಯುವುದು ತಪ್ಪಲ್ಲ, ಇಳಕಲ್ಲಿನ ಕೈಮಗ್ಗದವರೂ ಅದನ್ನು ಬಳಸುತ್ತಾರೆ. ಅದನ್ನು ರೇಷ್ಮೆ ಎಂದು ಬರೆದು ರೇಷ್ಮೆಯ ಬೆಲೆ ಪಡೆಯುವುದು ತಪ್ಪು.

ಇಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವಿದ್ಯುತ್ ಮಗ್ಗದವರ ಹೊಟ್ಟೆಯ ಮೇಲೆ ಹೊಡೆಯಬೇಕೆಂಬುದು ಈ ಪತ್ರದ ಉದ್ದೇಶವಲ್ಲ. ಅವರಲ್ಲಿ ಬಹಳಷ್ಟು ಜನ ಕೈಮಗ್ಗ ಬಿಟ್ಟು ಬಂದ ನೇಕಾರರೇ, ಅವರ ಬದುಕೂ ಸಾಲಸೋಲದ್ದೇ. ಯಾವ ಬಟ್ಟೆಯನ್ನು ಯಾವ ಮಗ್ಗದ ಮೇಲೆ ನೇಯಬಹುದು ಎಂಬುದಕ್ಕೆ 1985ರ ಕೈಮಗ್ಗ ಮೀಸಲಾತಿ ಕಾಯ್ದೆಯೇ ಇದೆ. ಆರಂಭದಲ್ಲಿ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿದ್ದ ಆ ಪಟ್ಟಿ ಈಗ 11ಕ್ಕೆ ಇಳಿದಿದೆ. ಅದರ ಸರಿತಪ್ಪುಗಳ ಚರ್ಚೆ ಬೇರೆಯೇ ಆಗಲಿ. ನಾನು ಕೇಳುತ್ತಿರುವುದು ಇಷ್ಟೇ: ಯಾವ ಮಗ್ಗದ ಮೇಲೆ ನೇಯ್ದಿದ್ದರೂ ಚೀಟಿಯ ಮೇಲೆ ನಿಜ ಬರೆಯಲಿ, ಬೆಲೆ ನೋಡಿ, ಬಟ್ಟೆ ನೋಡಿ ಗಿರಾಕಿ ತಾನೇ ತೀರ್ಮಾನಿಸಲಿ.

ಈಗ ಕಾನೂನಿನ ವಿಷಯ. ಟ್ರೇಡ್ ಮಾರ್ಕ್ ಕಾನೂನು ಎಂದರೆ ದೊಡ್ಡ ಕಂಪನಿಗಳು ತಮ್ಮ ಹೆಸರು ಮತ್ತು ಗುರುತು ಕಾಪಾಡಿಕೊಳ್ಳಲು ಮಾಡಿಸಿಕೊಂಡ ಕಾನೂನೆಂಬ ಭಾವನೆ ಅನೇಕರಲ್ಲಿದೆ. ಅದು ಅರ್ಧ ಸತ್ಯ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಾಕು-ಕತ್ತರಿ ಮಾಡುವ ಕುಶಲಕರ್ಮಿಗಳು, ಹೊರಗಿನಿಂದ ಬಂದ ಅಗ್ಗದ ಮಾಲಿನ ಮೇಲೆ ತಮ್ಮ ಊರಿನ ಹೆಸರನ್ನು ಒತ್ತಿ ಮಾರುತ್ತಿದ್ದುದರ ವಿರುದ್ಧ ಎದ್ದು ನಿಂತದ್ದು, 1887ರಲ್ಲಿ ಅಲ್ಲಿ ಸರಕು ಗುರುತುಗಳ ಕಾಯ್ದೆ ಬರಲು ಮುಖ್ಯ ಕಾರಣಗಳಲ್ಲೊಂದು. ಅದರ ಮಾದರಿಯಲ್ಲೇ 1889ರಲ್ಲಿ ಭಾರತಕ್ಕೂ ಅಂಥ ಕಾಯ್ದೆ ಬಂತು. ಊರಿನ ಹೆಸರನ್ನು ಕದ್ದವರ ವಿರುದ್ಧ ಕೈಕಸುಬಿನವರು ಎತ್ತಿದ ಕೂಗು ಈ ಕಾನೂನಿನ ಬೇರಿನಲ್ಲಿಯೇ ಇದೆ. 1958ರ ಕಾಯ್ದೆಯನ್ನು ದಾಟಿ, ಈಗ ಜಾರಿಯಲ್ಲಿರುವ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲೂ ಆ ಅಂಶ ಉಳಿದುಕೊಂಡಿದೆ.

ಈ ಕಾಯ್ದೆಯಲ್ಲಿ ‘ಸುಳ್ಳು ವ್ಯಾಪಾರ ವಿವರಣೆ’ ಎಂಬ ಒಂದು ಅಪರಾಧವಿದೆ. ಸರಕಿನ ತೂಕ, ಅಳತೆ, ಗುಣಮಟ್ಟ, ಅದು ತಯಾರಾದ ಸ್ಥಳ, ತಯಾರಾದ ವಿಧಾನ, ಇವುಗಳಲ್ಲಿ ಯಾವುದರ ಬಗ್ಗೆಯಾದರೂ ಸುಳ್ಳು ಬರೆದು ಜನರನ್ನು ದಾರಿ ತಪ್ಪಿಸುವುದು ಇದರ ವ್ಯಾಪ್ತಿಗೆ ಬರುತ್ತದೆ. ಯಾರ ನೋಂದಾಯಿತ ಗುರುತನ್ನೂ ಕದಿಯದೆ, ವಿದ್ಯುತ್ ಮಗ್ಗದ ಸೀರೆಯ ಮೇಲೆ ಬರಿದೇ ‘ಕೈಮಗ್ಗ’ ಎಂದು ಬರೆದರೂ ಅದು ತಯಾರಿಕೆಯ ವಿಧಾನದ ಬಗ್ಗೆ ಹೇಳಿದ ಸುಳ್ಳೇ ಆಗುತ್ತದೆ. ಹಾಗೆ ಬರೆದವರಿಗೆ ಕಲಂ 103, ಬರೆದದ್ದನ್ನು ಮಾರಿದವರಿಗೆ ಕಲಂ 104 ಅನ್ವಯಿಸುತ್ತದೆ. ಎರಡಕ್ಕೂ 6 ತಿಂಗಳಿಗೆ ಕಡಿಮೆಯಿಲ್ಲದಂತೆ 3 ವರ್ಷದವರೆಗೆ ಜೈಲುವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದಕ್ಕಿಂತ ಕಡಿಮೆ ಶಿಕ್ಷೆ ಕೊಡುವುದಾದರೆ ನ್ಯಾಯಾಲಯ ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆಯಬೇಕು.

ಅಂಗಡಿಯವರು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ: ‘ನಮಗೇನು ಗೊತ್ತು, ಮಾಲು ಹೀಗೇ ಬಂತು, ಹೀಗೇ ಮಾರಿದೆವು.’ ಕಾನೂನು ಈ ಮಾತನ್ನು ಮೊದಲೇ ಊಹಿಸಿದೆ. ಮಾರಾಟಗಾರ ತಪ್ಪಿಸಿಕೊಳ್ಳಬೇಕಾದರೆ, ತಾನು ಎಲ್ಲ ಎಚ್ಚರಿಕೆ ವಹಿಸಿದ್ದೆ, ಅನುಮಾನಕ್ಕೆ ತನಗೆ ಕಾರಣವೇ ಇರಲಿಲ್ಲ ಎಂಬುದನ್ನು ಸಾಬೀತುಪಡಿಸಬೇಕು. ಇಲ್ಲವೇ, ಕೇಳಿದಾಗ, ಮಾಲು ಯಾರಿಂದ ಬಂತು ಎಂಬ ಮಾಹಿತಿಯನ್ನು ಪೂರ್ತಿಯಾಗಿ ಕೊಟ್ಟಿರಬೇಕು. ಈ ಅಂಶವನ್ನು ನಾನು ಬಹಳ ಮಹತ್ವದ್ದೆಂದು ಭಾವಿಸುತ್ತೇನೆ. ಚಿಲ್ಲರೆ ಅಂಗಡಿಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಚೀಟಿ ಅಂಟಿಸಿದವನಿಗೆ ಹೋಗಿ ಮುಟ್ಟುವ ದಾರಿಯನ್ನು ಕಾನೂನೇ ತೆರೆದಿಟ್ಟಿದೆ.

ಇನ್ನು ಭೌಗೋಳಿಕ ಸೂಚಿಕೆ, ಜನರ ಬಾಯಲ್ಲಿ ಜಿಐ ಟ್ಯಾಗ್. ಒಂದು ಊರಿಗೆ ಅಥವಾ ಪ್ರದೇಶಕ್ಕೆ ಸೇರಿದ ಸರಕಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ ಇದು. 1999ರಲ್ಲಿ ಅಂಗೀಕಾರಗೊಂಡು 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಈ ಕಾಯ್ದೆಯಡಿ ಇಳಕಲ್ ಸೀರೆಗೂ, ಮೊಳಕಾಲ್ಮೂರು ಸೀರೆಗೂ, ಮೈಸೂರು ರೇಷ್ಮೆಗೂ, ಚನ್ನಪಟ್ಟಣದ ಆಟಿಕೆಗೂ, ಬ್ಯಾಡಗಿ ಮೆಣಸಿನಕಾಯಿಗೂ ನೋಂದಣಿ ಸಿಕ್ಕಿದೆ. ಸುಳ್ಳು ಬಳಕೆಗೆ ಇಲ್ಲಿಯೂ ಹೆಚ್ಚುಕಡಿಮೆ ಅದೇ ಶಿಕ್ಷೆ. ಆದರೆ ನೋಂದಣಿ ಸಿಕ್ಕಿದ ದಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಸನ್ಮಾನಗಳಾಗುತ್ತವೆ, ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸಲಾಗುತ್ತದೆ. ವಾಸ್ತವದಲ್ಲಿ ಕೆಲಸ ಆರಂಭವಾಗಬೇಕಾದದ್ದೇ ಅಲ್ಲಿಂದ. ಆ ಹೆಸರನ್ನು ಬಳಸುವ ಹಕ್ಕು ಇರುವುದು ‘ಅಧಿಕೃತ ಬಳಕೆದಾರ’ ಎಂದು ದಾಖಲಾದವರಿಗೆ, ಅದಕ್ಕೆ ಧಕ್ಕೆಯಾದಾಗ ಪರಿಹಾರ ಕೇಳುವ ಹಕ್ಕು ಇರುವುದು ಅವರಿಗೆ ಮತ್ತು ನೋಂದಣಿ ಪಡೆದ ಸಂಸ್ಥೆಗೆ. ತಲೆಮಾರುಗಳಿಂದ ಕೊಂಡಿ ಹಾಕಿ ನೇಯುತ್ತ ಬಂದವನಾದರೂ, ಚೆನ್ನೈನಲ್ಲಿರುವ ಜಿಐ ನೋಂದಣಿ ಕಚೇರಿಯ ಪುಸ್ತಕದಲ್ಲಿ ಅವನ ಹೆಸರಿಲ್ಲದಿದ್ದರೆ ಆ ಹಕ್ಕು ಅವನ ಕೈಗೆ ಬರುವುದಿಲ್ಲ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ದಿನವಿಡೀ ದುಡಿಯುವವನು ಈ ಅರ್ಜಿಯನ್ನು ತಾನಾಗಿ ತುಂಬಿ ಕಳಿಸುತ್ತಾನೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಪೊಲೀಸರ ಪಾತ್ರದಲ್ಲೂ ಇಂಥದೇ ತೊಡಕಿದೆ. ಈ ಅಪರಾಧಗಳು ಪೊಲೀಸರು ವಾರಂಟ್ ಇಲ್ಲದೆಯೇ ಕೈಗೆತ್ತಿಕೊಳ್ಳಬಹುದಾದ ಅಪರಾಧಗಳು. ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಶೋಧ ಮಾಡಿ ಮಾಲು ಜಪ್ತಿ ಮಾಡಬಹುದು. ಆದರೆ ಜಿಐ ಪ್ರಕರಣದಲ್ಲಿ ಶೋಧಕ್ಕೆ ಮುನ್ನ ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕು, ಆ ಅಭಿಪ್ರಾಯಕ್ಕೆ ಬದ್ಧರಾಗಿರಬೇಕು. ಅಮಾಯಕ ವ್ಯಾಪಾರಿಗೆ ಕಿರುಕುಳವಾಗಬಾರದೆಂಬ ಈ ಎಚ್ಚರಿಕೆ ಸರಿಯಾದದ್ದೇ. ಆದರೂ ಬಾಗಲಕೋಟೆ ಜಿಲ್ಲೆಯ ಒಬ್ಬ ಡಿವೈಎಸ್‌ಪಿ ಚೆನ್ನೈಗೆ ಪತ್ರ ಬರೆದು ಉತ್ತರಕ್ಕೆ ಕಾಯುವಷ್ಟರಲ್ಲಿ ಮಾಲು ಅಂಗಡಿಯಲ್ಲಿ ಉಳಿದಿರುತ್ತದೆಯೇ?

ಹೆಸರಿಗೊಬ್ಬ ಗಟ್ಟಿ ಒಡೆಯನಿದ್ದರೆ ಕಾನೂನು ಹೇಗೆ ಚುರುಕಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಜಾಲ ಪತ್ತೆಯಾಯಿತು. ನಮ್ಮ ಸರ್ಕಾರದ ಸಾಬೂನು ಮತ್ತು ಮಾರ್ಜಕ ಸಂಸ್ಥೆಯೇ ಮುಂದೆ ನಿಂತು ದೂರು ಕೊಟ್ಟಿದ್ದರಿಂದ ಅಲ್ಲಿಯ ಪೊಲೀಸರು ದಾಳಿ ನಡೆಸಿದರು. ಮೈಸೂರು ರೇಷ್ಮೆಯ ವಿಷಯದಲ್ಲೂ ರೇಷ್ಮೆ ಉದ್ಯಮಗಳ ನಿಗಮ ಪ್ರತಿ ಸೀರೆಗೂ ಸಂಕೇತ ಸಂಖ್ಯೆ ಮತ್ತು ಹಾಲೋಗ್ರಾಂ ಕೊಡುತ್ತದೆ. ಇಳಕಲ್ ಸೀರೆ ಮನೆಮನೆಗಳ ಮಗ್ಗದಿಂದ ಬರುವಂಥದ್ದು. ಸಾವಿರಾರು ಜನರಿಗೆ ಸೇರಿದ ಹೆಸರನ್ನು ಕಾಯುವ ಹೊಣೆ ಇಂಥವರದೇ ಎಂದು ಯಾರಿಗೂ ವಹಿಸಿಲ್ಲ. ಕೈಮಗ್ಗದ ಗುರುತು ಎಂಬ ಕೇಂದ್ರ ಸರ್ಕಾರದ ಯೋಜನೆ 2006ರಿಂದ ಇದೆ, ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ 2004ರಿಂದ ಇದೆ. ಇವು ನಿಜವಾದ ಮಾಲನ್ನು ಗುರುತಿಸಲು ನೆರವಾಗುತ್ತವೆ, ಸುಳ್ಳು ಚೀಟಿಯನ್ನು ತಾವಾಗಿಯೇ ಕಿತ್ತುಹಾಕುವುದಿಲ್ಲ.

ಇಲ್ಲಿ ಗಿರಾಕಿಯ ಕೈಗೆ ಬಲ ಕೊಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಈ ಕಾಯ್ದೆಯಲ್ಲಿ ‘ಜಾಹೀರಾತು’ ಎಂದರೆ ಟಿವಿಯಲ್ಲಿ ಬರುವುದಷ್ಟೇ ಆಗಿಲ್ಲ. ಸರಕಿಗೆ ಅಂಟಿಸಿದ ಚೀಟಿ, ಸುತ್ತಿದ ಹೊದಿಕೆ, ಕೊಟ್ಟ ಬಿಲ್ಲು ಎಲ್ಲವೂ ಅದರೊಳಗೆ ಬರುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ದೆಹಲಿಗೆ ಯಾರು ಹೋಗುತ್ತಾರೆ ಎಂದು ಕೇಳುವವರಿಗೆ ಇದೇ ಕಾಯ್ದೆಯ 16 ಮತ್ತು 17ನೇ ಕಲಂಗಳಲ್ಲಿ ಉತ್ತರವಿದೆ: ಇಂಥ ದೂರನ್ನು ಜಿಲ್ಲಾಧಿಕಾರಿಗೇ ಬರೆದು ಕೊಡಬಹುದು, ಅವರು ತಮ್ಮ ವ್ಯಾಪ್ತಿಯಲ್ಲಿ ವಿಚಾರಣೆ ನಡೆಸಿ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಒಬ್ಬ ಗಿರಾಕಿಗೆ ಆದ ಮೋಸಕ್ಕಷ್ಟೇ ಸೀಮಿತವಾಗದೆ, ಗ್ರಾಹಕರಿಗೆಲ್ಲ ಒಟ್ಟಾಗಿ ಆಗುತ್ತಿರುವ ಅನ್ಯಾಯವನ್ನು ವಿಚಾರಿಸಲೆಂದೇ ಇರುವ ಅಧಿಕಾರವಿದು. ನೇಕಾರಿಕೆಯ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ಇದನ್ನು ಬಳಸಲು ಆರಂಭಿಸಿದರೆ ಸುಳ್ಳು ಚೀಟಿಗಳು ಬೇಗನೆ ಕಡಿಮೆಯಾಗುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ.

ಆದರೆ ಎಲ್ಲ ದೂರಿಗೂ ಆಧಾರ ಬೇಕು, ನಮ್ಮ ಜನ ಸೋಲುವುದು ಇಲ್ಲಿಯೇ. ನಮ್ಮ ಸಂಬಂಧಿಕರೊಬ್ಬರು ಮಗಳ ಮದುವೆಗೆಂದು ಬೇರೆ ಊರಿನ ದೊಡ್ಡ ಅಂಗಡಿಯೊಂದರಲ್ಲಿ ‘ಕೈಮಗ್ಗದ ರೇಷ್ಮೆ ಸೆರಗು’ ಎಂಬ ಚೀಟಿಯಿದ್ದ ಇಳಕಲ್ ಸೀರೆಗಳನ್ನು ಕೊಂಡು ತಂದರು. ಮನೆಯಲ್ಲಿ ಬಿಚ್ಚಿ ನೋಡಿದಾಗ ಒಂದರಲ್ಲಿಯೂ ಕೊಂಡಿಯ ಸಾಲಿರಲಿಲ್ಲ. ಅಂಗಡಿಯವರು ಪ್ಯಾಕ್ ಮಾಡುವಾಗ ಚೀಟಿಗಳನ್ನು ತೆಗೆದುಹಾಕಿದ್ದರು. ಬಿಲ್ಲಿನಲ್ಲಿ ಇದ್ದದ್ದು ‘ಸೀರೆ’ ಎಂಬ ಒಂದು ಶಬ್ದ, ಅದರ ಮುಂದೆ ಮೊತ್ತ. ಇಂಥ ಬಿಲ್ಲು ಹಿಡಿದು ಯಾವ ಗ್ರಾಹಕ ಆಯೋಗದ ಮುಂದೆ ಏನನ್ನು ರುಜುವಾತುಪಡಿಸಲು ಸಾಧ್ಯ?

ಆದ್ದರಿಂದ ಸರ್ಕಾರವನ್ನು ನಾನು ಕೇಳಿಕೊಳ್ಳುವುದರಲ್ಲಿ ಮೊದಲನೆಯದು ಬಿಲ್ಲಿನ ವಿಷಯವೇ. ಯಾವ ಸೀರೆಯನ್ನು ಒಂದು ಊರಿನ ಹೆಸರಿನಲ್ಲಿ ಅಥವಾ ಕೈಮಗ್ಗದ ಹೆಸರಿನಲ್ಲಿ ಮಾರಲಾಗುತ್ತದೆಯೋ ಆ ಸೀರೆಯ ಬಿಲ್ಲಿನಲ್ಲಿ ಆ ಹೆಸರು, ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂಬುದು ಮತ್ತು ನೂಲಿನ ವಿವರ ಕಡ್ಡಾಯವಾಗಿ ಇರಬೇಕು. ಆನ್‌ಲೈನಿನಲ್ಲಿ ಮಾರುವವರಿಗೂ ಇದು ಅನ್ವಯಿಸಬೇಕು. ಕೈಮಗ್ಗ ಮತ್ತು ಜವಳಿ ಇಲಾಖೆಯವರು ನೇಕಾರರ ಓಣಿಗಳಿಗೇ ಬಂದು ಶಿಬಿರ ನಡೆಸಿ, ಅಧಿಕೃತ ಬಳಕೆದಾರರ ಅರ್ಜಿಗಳನ್ನು ತಾವೇ ತುಂಬಿಸಿ, ಶುಲ್ಕವನ್ನೂ ಇಲಾಖೆಯಿಂದಲೇ ಭರಿಸಬೇಕು. ನಕಲಿಯ ವಿರುದ್ಧ ದೂರು ಕೊಡುವ ಮತ್ತು ಚೆನ್ನೈ ಕಚೇರಿಯೊಡನೆ ವ್ಯವಹರಿಸುವ ಹೊಣೆಯನ್ನು ಜಿಲ್ಲೆಗೊಬ್ಬ ಅಧಿಕಾರಿಗೆ ಹೆಸರಿಟ್ಟು ವಹಿಸಬೇಕು. ‘ಇಳಕಲ್ ಪ್ಯಾಟರ್ನ್’, ‘ಇಳಕಲ್ ಮಾದರಿ’ ಎಂದು ಬರೆದು ನುಣುಚಿಕೊಳ್ಳುವವರೂ ಇದ್ದಾರೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಸರಕುಗಳಿಗೆ ‘ಮಾದರಿ’, ‘ಶೈಲಿ’, ‘ಅನುಕರಣೆ’ ಎಂಬ ಪದ ಸೇರಿಸಿದರೂ ಉಲ್ಲಂಘನೆಯೇ ಆಗುವಂತೆ ಜಿಐ ಕಾಯ್ದೆಯ 22ನೇ ಕಲಂ ಅವಕಾಶ ಕೊಟ್ಟಿದೆ. ಆ ಹೆಚ್ಚಿನ ರಕ್ಷಣೆ ನಮ್ಮ ಸೀರೆಗೂ ದೊರೆಯುವಂತೆ ರಾಜ್ಯ ಸರ್ಕಾರ ಮತ್ತು ಈ ಭಾಗದ ಸಂಸದರು ಒತ್ತಾಯಿಸಬೇಕು.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಸೀರೆ ಕೊಳ್ಳುವಾಗ ಚೀಟಿಯನ್ನು ತೆಗೆಯಲು ಬಿಡಬೇಡಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಚೀಟಿಯಲ್ಲಿರುವ ಮಾತನ್ನೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಆ ಸೀರೆಯನ್ನು ಅಲ್ಲಿಯೇ ಬಿಟ್ಟು ಬನ್ನಿ. ಮೋಸವಾಗಿದೆಯೆಂದು ತಿಳಿದುಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೇ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಆ ದೂರಿನ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬಾಗಲಕೋಟೆ ಜಿಲ್ಲೆ