ಕಣ್ಣಿಗೆ ಅಂತ ಕೊಂಡ ಪ್ಯಾಲೆಟ್‌ನಲ್ಲಿ ಕಣ್ಣಿಗೆ ಹಚ್ಚಬಾರದ ಮೂರು ಬಣ್ಣ

ತೀರ್ಥಹಳ್ಳಿ
14 ಆಗಸ್ಟ್ 2025

ಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳಿಗೆ

ವಿಷಯ: ಲಿಮಿಟೆಡ್ ಎಡಿಷನ್ ಐಶ್ಯಾಡೋ ಪ್ಯಾಲೆಟ್‌ನ ಹಣ ವಾಪಸ್ ಮಾಡುವುದು ಮತ್ತು ಎಚ್ಚರಿಕೆಯನ್ನು ಡಬ್ಬಿಯ ಹೊರಗೆ ಅಚ್ಚು ಹಾಕಿಸುವುದು

ಮಾನ್ಯರೇ,

ನಾನು ತೀರ್ಥಹಳ್ಳಿಯಲ್ಲಿ ಚಿಕ್ಕದೊಂದು ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಮದುಮಗಳ ಮೇಕಪ್ಪೇ ನನ್ನ ಮುಖ್ಯ ಕೆಲಸ. ಕೊಪ್ಪ, ಹೊಸನಗರ, ಶಿವಮೊಗ್ಗ, ಎಲ್ಲಿಗೆ ಕರೆದರೂ ಹೋಗುತ್ತೇನೆ. ಜುಲೈ 2ರಂದು ನಿಮ್ಮ ಆ್ಯಪ್‌ನಿಂದ 12 ಬಣ್ಣಗಳ ಲಿಮಿಟೆಡ್ ಎಡಿಷನ್ ಐಶ್ಯಾಡೋ ಪ್ಯಾಲೆಟ್ ತರಿಸಿದೆ. ಬೆಲೆ 2,850 ರೂಪಾಯಿ. 9ಕ್ಕೆ ಕೈಸೇರಿತು. ಅದರ ಮೂರು ಬಣ್ಣ ಕಣ್ಣಿಗೆ ಹಚ್ಚುವಂಥದ್ದೇ ಅಲ್ಲ ಅಂತ ನನಗೆ ತಿಳಿದದ್ದು, ಹಚ್ಚಿಕೊಂಡು ರೆಪ್ಪೆ ಉರಿದ ಮೇಲೆ.

ಆಷಾಢದಲ್ಲಿ ನಮ್ಮ ಕಡೆ ಮದುವೆ ಇರುವುದಿಲ್ಲ. ಹೊಸ ಸಾಮಾನನ್ನೆಲ್ಲ ನಾನು ಪರೀಕ್ಷೆ ಮಾಡುವುದು ಆಗಲೇ. ಮೊದಲು ಕೈ ಮೇಲೆ, ಆಮೇಲೆ ನನ್ನದೇ ಕಣ್ಣಿಗೆ. ಬೆಳಿಗ್ಗೆ ಹಚ್ಚಿದರೆ ಸಂಜೆವರೆಗೂ ತೆಗೆಯುವುದಿಲ್ಲ. ಮದುಮಗಳು ಹೋಮದ ಹೊಗೆಯ ಮುಂದೆ ಗಂಟೆಗಟ್ಟಲೆ ಕೂರುತ್ತಾಳೆ. ಧಾರೆ ಹೊತ್ತಿಗೆ ಅಳುತ್ತಾಳೆ. ಕಣ್ಣು ಒರೆಸಿಕೊಳ್ಳುತ್ತಾಳೆ. ಇಷ್ಟಕ್ಕೂ ನಿಲ್ಲುವ ಬಣ್ಣ ಬೇಕು. ಕಣ್ಣಿಗೆ ತೊಂದರೆ ಕೊಡದ ಬಣ್ಣ ಬೇಕು. ಅದನ್ನು ನೋಡದೆ ಇನ್ನೊಬ್ಬರ ಮಗಳ ಮುಖಕ್ಕೆ ನಾನು ಬ್ರಷ್ ಮುಟ್ಟಿಸುವುದಿಲ್ಲ.

ಜುಲೈ 11ರ ಬೆಳಿಗ್ಗೆ ಜಗಲಿಯಲ್ಲಿ ಕೂತು ಶುರು ಮಾಡಿದೆ. ಲೈಟಿನ ಬೆಳಕಿಗಿಂತ ಹೊರಗಿನ ಬೆಳಕಿನಲ್ಲಿ ಬಣ್ಣದ ಗುಣ ಚೆನ್ನಾಗಿ ಗೊತ್ತಾಗುತ್ತದೆ. ನಿಜ ಹೇಳಬೇಕು, ಕಂದು ಬಣ್ಣಗಳು ನನಗೆ ತುಂಬ ಹಿಡಿಸಿದವು. ಒಂದಂತೂ ಅಡಿಕೆ ಚೊಗರಿನದೇ ಬಣ್ಣ. ನಮ್ಮ ಗೋಧಿ ಮೈಬಣ್ಣದ ಮೇಲೆ ಕೆಲವು ಕಂದು ಬೂದಿ ಹಾಗೆ ಕಾಣುತ್ತದೆ. ಇದು ಹಾಗಾಗಲಿಲ್ಲ. ಹೊಳಪಿನ ಬಣ್ಣಗಳ ಪುಡಿ ಕೆನ್ನೆ ಮೇಲೆ ಸ್ವಲ್ಪ ಉದುರಿತು. ಬ್ರಷ್ ಒದ್ದೆ ಮಾಡಿಕೊಂಡರೆ ಅದೂ ಸರಿಹೋಗುತ್ತದೆ. ಅಂಥ ಸಣ್ಣ ವಿಷಯಕ್ಕೆ ನಾನು ದೂರು ಬರೆಯುವವಳಲ್ಲ.

ಆಮೇಲೆ ಗುಲಾಬಿ ತೆಗೆದುಕೊಂಡೆ. ಮುರುಗಲು ಶರಬತ್ತಿನ ಹಾಗೆ ಗಾಢವಾದ ಗುಲಾಬಿ. ನಿಮ್ಮ ಜಾಹೀರಾತಿನ ಹುಡುಗಿಯ ರೆಪ್ಪೆ ತುಂಬ ಇದ್ದದ್ದು ಇದೇ ಬಣ್ಣ. ನಾನು ಪ್ಯಾಲೆಟ್ ಕೊಂಡದ್ದೂ ಇದಕ್ಕಾಗಿಯೇ. ಮಧ್ಯಾಹ್ನದ ಹೊತ್ತಿಗೆ ತುರಿಕೆ ಶುರುವಾಯಿತು. ಸಂಜೆಗೆ ಎರಡೂ ರೆಪ್ಪೆ ಊದಿಕೊಂಡವು. ಎಣ್ಣೆ ಹಾಕಿ ಒರೆಸಿದರೂ ಕಲೆ ಹೋಗಲಿಲ್ಲ. ಮೂರು ದಿನ ಹಾಗೇ ಇತ್ತು. ಕಣ್ಣೊಳಗೆ ಏನೂ ಆಗಿಲ್ಲ, ರೆಪ್ಪೆಯ ಚರ್ಮಕ್ಕೆ ಅಲರ್ಜಿ ಅಂತ ಡಾಕ್ಟರ್ ಹೇಳಿ ಮುಲಾಮು ಕೊಟ್ಟರು.

ಹಚ್ಚಿಕೊಂಡ ದಿನದ ರಾತ್ರಿಯೇ ಡಬ್ಬಿಯನ್ನು ಪೂರ್ತಿ ಬಿಚ್ಚಿ ನೋಡಿದೆ. ಕನ್ನಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯ ಹಿಂದೆ ಮಡಿಸಿದ ಒಂದು ಚೀಟಿ ಇತ್ತು. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರ. ಆ ಗುಲಾಬಿಯೂ ಸೇರಿ ಮೂರು ಬಣ್ಣಗಳನ್ನು ಕಣ್ಣಿನ ಹತ್ತಿರ ಬಳಸಬಾರದು ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಹೊರಗಿನ ಡಬ್ಬಿಯ ಮೇಲೆ ದೊಡ್ಡದಾಗಿ ಇರುವುದು ಐಶ್ಯಾಡೋ ಅಂತ. ಐಶ್ಯಾಡೋವನ್ನು ಕಣ್ಣಿಗೆ ಬಿಟ್ಟು ಇನ್ನೆಲ್ಲಿಗೆ ಹಚ್ಚಬೇಕು ಹೇಳಿ?

ಚೀಟಿಯಲ್ಲಿ ಆ ಗುಲಾಬಿಯ ಎದುರು ಸಿಐ 15850 ಅಂತ ಬಣ್ಣದ ಗುರುತಿನ ನಂಬರ್ ಇದೆ. ಲಿಪ್‌ಸ್ಟಿಕ್‌ನಲ್ಲಿ ಜಾಸ್ತಿ ಕಾಣುವ ಕೆಂಪು ಬಣ್ಣ ಅದು. ಅಮೆರಿಕದಲ್ಲಿ ಅದನ್ನು ತುಟಿಗೆ ಬಳಸಬಹುದು, ಕಣ್ಣಿನ ಸುತ್ತ ಬಳಸುವ ಹಾಗಿಲ್ಲ. ಯುರೋಪಿನಲ್ಲಿ ಆ ತಡೆ ಇಲ್ಲ. ಕಂದು, ಹಳದಿ ಬಣ್ಣ ಐರನ್ ಆಕ್ಸೈಡ್‌ನಿಂದ ಬರುತ್ತದೆ, ಅದಕ್ಕೆ ಈ ತಾಪತ್ರಯ ಇಲ್ಲ. ಕಣ್ಣು ಕುಕ್ಕುವ ಗುಲಾಬಿ ಬೇಕು ಅಂದಾಗಲೇ ಇಂಥ ಬಣ್ಣ ಹಾಕುತ್ತಾರೆ. ಅಮೆರಿಕದ ಎಷ್ಟೋ ಕಂಪನಿಗಳು ಅಂಥ ಬಣ್ಣವನ್ನು ಐಶ್ಯಾಡೋ ಅಂತ ಕರೆಯುವುದಿಲ್ಲ. ಪ್ರೆಸ್ಡ್ ಪಿಗ್ಮೆಂಟ್, ಅಂದರೆ ಒತ್ತಿ ಗಟ್ಟಿ ಮಾಡಿದ ಬಣ್ಣದ ಪುಡಿ, ಅಂತ ಬೇರೆ ಹೆಸರಿಡುತ್ತವೆ.

ಆ ಬಣ್ಣದಿಂದಲೇ ನನಗೆ ಅಲರ್ಜಿ ಆಯಿತು ಅಂತ ಸಾಧಿಸಲು ನಾನು ಹೊರಟಿಲ್ಲ. ಒಬ್ಬೊಬ್ಬರ ಚರ್ಮ ಒಂದೊಂದು ಥರ. ಆದರೆ ಕಣ್ಣಿಗೆ ಬೇಡ ಅನ್ನುವುದು ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ? ಗೊತ್ತಿದ್ದೇ ಚೀಟಿ ಅಚ್ಚು ಹಾಕಿಸಿದ್ದೀರಿ. ಗೊತ್ತಿದ್ದೇ ಜಾಹೀರಾತಿನಲ್ಲಿ ಅದನ್ನು ರೆಪ್ಪೆಗೆ ಹಚ್ಚಿ ತೋರಿಸಿದ್ದೀರಿ. ನನಗೆ ಸಿಟ್ಟು ಬಂದದ್ದು ಇದಕ್ಕೆ.

ಜುಲೈ 12ರಂದು ಫೋಟೋಗಳ ಜೊತೆ ನಿಮಗೆ ಮೇಲ್ ಮಾಡಿದೆ. 15ಕ್ಕೆ ಎರಡು ಸಾಲಿನ ಉತ್ತರ ಬಂತು. ಲಿಮಿಟೆಡ್ ಎಡಿಷನ್ ವಾಪಸ್ ತೆಗೆದುಕೊಳ್ಳುವುದಿಲ್ಲ, ತೆರೆದ ಡಬ್ಬಿಯನ್ನಂತೂ ಇಲ್ಲವೇ ಇಲ್ಲ ಅಂತ. ತೆರೆಯದೆ ಆ ಚೀಟಿ ಕಾಣುವುದಿಲ್ಲ. ತೆರೆದರೆ ವಾಪಸ್ ಇಲ್ಲ. ಹಾಗಾದರೆ ನಾನು ಏನು ಮಾಡಬೇಕಿತ್ತು? ಸ್ಟಾಕ್ ಮುಗಿಯುತ್ತಿದೆ, ಮತ್ತೆ ಬರುವುದಿಲ್ಲ ಅಂತ ಆ್ಯಪ್‌ನಲ್ಲಿ ಗಡಿಯಾರ ಓಡಿಸಿದ್ದೀರಿ. ಯಾರನ್ನಾದರೂ ಕೇಳಿ ನೋಡೋಣ ಅನ್ನಲಿಕ್ಕೂ ಪುರುಸೊತ್ತು ಕೊಡಲಿಲ್ಲ. ಜುಲೈ 18ರಂದು ಎರಡನೇ ಮೇಲ್ ಹಾಕಿದೆ. ಅದಕ್ಕೆ ಇವತ್ತಿಗೂ ಉತ್ತರ ಇಲ್ಲ.

ಶ್ರಾವಣದಲ್ಲಿ ನಾನು ಮೊದಲು ಮೇಕಪ್ ಮಾಡಿದ ಮದುಮಗಳಿಗೆ 23 ವರ್ಷ. ಅವಳ ಸೀರೆಯೂ ಗುಲಾಬಿ. ಇದೇ ಬಣ್ಣ ಬೇಕು ಅಂತ ನಿಮ್ಮ ಜಾಹೀರಾತು ತೋರಿಸಿ ಕೇಳಿದ್ದಳು. ನಾನು ಮೊದಲು ನನಗೇ ಹಚ್ಚಿಕೊಳ್ಳದೆ ಇದ್ದಿದ್ದರೆ ಅವಳು ಮಂಟಪದಲ್ಲಿ ಊದಿದ ಕಣ್ಣಲ್ಲಿ ಕೂರಬೇಕಾಗುತ್ತಿತ್ತೋ ಏನೋ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಮ್ಮಂಥ ಊರಲ್ಲಿ ಒಂದು ಮದುವೆ ಕೆಟ್ಟರೆ ಮಾತು ನಾಲ್ಕು ತಾಲ್ಲೂಕಿಗೆ ಹೋಗುತ್ತದೆ. ಪಾರ್ಲರ್ ಬಾಗಿಲು ಹಾಕಬೇಕಾಗುತ್ತದೆ.

ನನಗೆ 2,850 ರೂಪಾಯಿ ಪೂರ್ತಿ ವಾಪಸ್ ಬೇಕು. ಡಾಕ್ಟರ್ ಫೀಸು, ಮದ್ದಿನ ಖರ್ಚು ಕೇಳುತ್ತಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಪ್ಯಾಲೆಟ್ ಇನ್ನೂ ಮಾರುತ್ತಿದ್ದರೆ ಆ ಎಚ್ಚರಿಕೆಯನ್ನು ಡಬ್ಬಿಯ ಹೊರಗೆ, ಆ್ಯಪ್‌ನಲ್ಲಿ ಬೆಲೆಯ ಪಕ್ಕದಲ್ಲೇ ಹಾಕಿ. ಕರ್ನಾಟಕದಲ್ಲಿ ಮಾರುವಾಗ ಕನ್ನಡದಲ್ಲೂ ಹಾಕಿ. ಈಗಾಗಲೇ ಕೊಂಡವರಿಗೆಲ್ಲ ಮೆಸೇಜ್ ಕಳಿಸಿ. ಅವರ ನಂಬರ್ ನಿಮ್ಮ ಹತ್ತಿರ ಇದ್ದೇ ಇದೆ. ಆಫರ್ ಇದ್ದಾಗ ದಿನಕ್ಕೆ ಎರಡು ಮೆಸೇಜ್ ಬರುತ್ತದೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಅಂತ ನೀವು 48 ಗಂಟೆಯೊಳಗೆ ತಿಳಿಸಬೇಕಿತ್ತು. ಒಂದು ತಿಂಗಳೊಳಗೆ ಬಗೆಹರಿಸಬೇಕಿತ್ತು. ಎರಡೂ ಆಗಿಲ್ಲ. ಇನ್ನು 15 ದಿನ ಕಾಯುತ್ತೇನೆ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಬಂದ ಮೇಲೆ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದನ್ನು ಸುಮ್ನೆ ಹೆದರಿಸಲಿಕ್ಕೆ ಬರೆಯುತ್ತಿಲ್ಲ.

ಪ್ಯಾಲೆಟ್, ಚೀಟಿ, ಬಿಲ್ಲು, ಹೊರಗಿನ ಡಬ್ಬಿ ಎಲ್ಲ ಜೋಪಾನವಾಗಿ ಇಟ್ಟಿದ್ದೇನೆ. ಆರ್ಡರ್ ನಂಬರ್ ಮತ್ತು ಫೋಟೋಗಳು ನನ್ನ ಮೊದಲ ಮೇಲ್‌ನಲ್ಲಿವೆ. ವಾಪಸ್ ಒಯ್ಯಲು ಕೊರಿಯರ್‌ನವರನ್ನು ಕಳಿಸುವುದಾದರೆ ಎರಡು ದಿನ ಮುಂಚೆ ತಿಳಿಸಿ. ಮದುವೆಗಳು ಶುರುವಾಗಿವೆ, ನಾನು ಮನೆಯಲ್ಲಿ ಸಿಗುವುದು ಕಡಿಮೆ.

ಇಂತಿ,
ನಿಮ್ಮ ಗ್ರಾಹಕಿ