ಎರಡು ಪೈಪು, ಎರಡು ಬಣ್ಣ

ಪ್ರೀತಿಯ ಪುಟ್ಟೀ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತಾಗ ನಾನು ಡ್ಯೂಟಿಯಲ್ಲಿದ್ದೆ. ಜಾಸ್ತಿ ಮಾತಾಡೋಕೆ ಆಗಲಿಲ್ಲ. ಬೆಳಿಗ್ಗೆ ಮನೆಗೆ ಬಂದು ಸ್ನಾನ ಮಾಡಿ, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಬರೆಯುತ್ತಿದ್ದೇನೆ.

ದಾನಿಯ ಶ್ವಾಸಕೋಶಕ್ಕಾಗಿ ಕಾಯುತ್ತಾ, ರಕ್ತವನ್ನು ಹೊರತೆಗೆದು ಆಮ್ಲಜನಕ ಸೇರಿಸಿ ವಾಪಸ್ ಹಾಕುವ ಎಕ್ಮೋ ಯಂತ್ರದ ಮೇಲಿರುವ ಆಕೆ ಎಚ್ಚರವಾಗಿದ್ದಾಳೆ, ನಿನ್ನನ್ನು ನೋಡಿ ನಕ್ಕಳು ಅಂದೆ ನೀನು. ಆಮೇಲೆ ಕೇಳಿದೆ: "ಅಮ್ಮಾ, ನಾವು ಯಾರೋ ಸಾಯಲಿ ಅಂತ ಕಾಯ್ತಾ ಇದ್ದೀವಾ?" ಇಪ್ಪತ್ತು ವರ್ಷದಿಂದ ಇಂಥ ಯಂತ್ರ ಓಡಿಸುವ ಪರ್ಫ್ಯೂಷನಿಸ್ಟ್ ಆಗಿದ್ದೇನೆ. ಈ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ. ಅದಕ್ಕೆ ಬರುತ್ತೇನೆ, ಮೊದಲು ಆ ಯಂತ್ರದ ಎರಡು ಪೈಪುಗಳ ವಿಷಯ ಹೇಳಿಬಿಡುತ್ತೇನೆ.

ತೊಡೆಯ ಕಡೆಯಿಂದ ಹೊರಗೆ ಬರುವ ರಕ್ತ ಮಾಗಿದ ನೇರಳೆ ಹಣ್ಣಿನ ಬಣ್ಣ. ಆಮ್ಲಜನಕ ಸೇರಿಸುವ ಆಕ್ಸಿಜನೇಟರ್ ದಾಟಿ ಕತ್ತಿನ ಕಡೆಗೆ ಹೋಗುವುದು ದಾಸವಾಳದ ಕೆಂಪು. ನಿಮಿಷಕ್ಕೆ 4-5 ಲೀಟರ್. ಅಂದರೆ ಮೈಯಲ್ಲಿರುವಷ್ಟು ರಕ್ತ ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ ಹೊರಗೆ ಹೋಗಿ ಬರುತ್ತದೆ. ಪರದೆ ಮೇಲಿನ ಅಂಕಿ ನೋಡುವ ಮೊದಲು ಈ ಬಣ್ಣ ನೋಡು. ಎರಡೂ ಕಪ್ಪಾದರೆ ಆಮ್ಲಜನಕದ ಪೈಪು ಕಳಚಿರಬಹುದು, ಇಲ್ಲವೇ ಆಕ್ಸಿಜನೇಟರ್ ಸೋತಿರಬಹುದು. ಎರಡೂ ಕೆಂಪಾದರೆ ಖುಷಿಪಡಬೇಡ. ಶುದ್ಧವಾದ ರಕ್ತ ಮೈಗೆ ಹೋಗದೆ ಮತ್ತೆ ಯಂತ್ರಕ್ಕೇ ವಾಪಸ್ ಬರುತ್ತಿರುತ್ತದೆ. ಟಾರ್ಚ್ ಬೆಳಕು ಬಿಟ್ಟು ಆಕ್ಸಿಜನೇಟರಿನ ಮೂಲೆಮೂಲೆ ನೋಡು, ಕಪ್ಪು ಚುಕ್ಕೆಯಾಗಲಿ ಬಿಳಿ ಎಳೆಯಾಗಲಿ ಕಂಡರೆ ಬರೆದಿಡು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿ ಕಡಿಮೆಯಾದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಆಕೆಗೆ ಎಲ್ಲೋ ರಕ್ತ ಸೋರುತ್ತದೆ. ನಮ್ಮ ಕೆಲಸವೆಲ್ಲ ಈ ಎರಡರ ನಡುವೆ.

ನಾನು ಹೊಸಬಳಾಗಿದ್ದಾಗ ಒಂದು ರಾತ್ರಿ ಪೈಪು ನಡುಗೋಕೆ ಶುರುವಾಯಿತು. ರಕ್ತ ಸಾಲುತ್ತಿಲ್ಲ ಅಂತ ಪಂಪಿನ ವೇಗ ಏರಿಸಿಬಿಟ್ಟೆ. ನಡುಕ ಇನ್ನೂ ಜೋರಾಯಿತು. ಹಿರಿಯ ಸಿಸ್ಟರ್ ಒಬ್ಬರು ನನ್ನ ಕೈ ಹಿಡಿದು ವೇಗ ಇಳಿಸಿದರು. ಎಳೆಯೋಕೆ ರಕ್ತವೇ ಇಲ್ಲದಾಗ ಜೋರಾಗಿ ಎಳೆದರೆ ರಕ್ತನಾಳದ ಗೋಡೆ ಬಂದು ಒಳಗೆ ಹಾಕಿದ ಕೊಳವೆಗೆ, ಅಂದರೆ ಕ್ಯಾನುಲಾಕ್ಕೆ, ಅಂಟಿಕೊಳ್ಳುತ್ತದೆ. ಆ ಕೈ ನನಗೆ ಇವತ್ತಿಗೂ ನೆನಪಿದೆ ಕಣೇ.

ಇದೆಲ್ಲ ಶುರುವಾಗಿದ್ದೂ ಹಾಗೆ ಹಾಸಿಗೆ ಪಕ್ಕ ಕೂತವರಿಂದಲೇ. 1930ರ ದಶಕದ ಆರಂಭದಲ್ಲಿ ಬಾಸ್ಟನ್‌ನಲ್ಲಿ ಜಾನ್ ಗಿಬ್ಬನ್ ಅನ್ನುವ ಎಳೆಯ ಡಾಕ್ಟರ್, ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಒಬ್ಬ ಹೆಂಗಸಿನ ಪಕ್ಕ ರಾತ್ರಿಯೆಲ್ಲ ಕೂತಿದ್ದರು. ಆಕೆಯ ರಕ್ತ ಕಪ್ಪಾಗುತ್ತಾ ಹೋಯಿತು. ಇದನ್ನು ಹೊರಗೆ ತೆಗೆದು ಆಮ್ಲಜನಕ ಸೇರಿಸಿ ವಾಪಸ್ ಹಾಕುವ ಹಾಗಿದ್ದರೆ ಅಂತ ಅವರಿಗೆ ಅನ್ನಿಸಿತು. ಆಕೆ ಉಳಿಯಲಿಲ್ಲ. ಗಿಬ್ಬನ್ ಮತ್ತು ಅವರ ಹೆಂಡತಿ ಮೇರಿ ವರ್ಷಗಟ್ಟಲೆ ಲ್ಯಾಬಿನಲ್ಲಿ ದುಡಿದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಅವರ ಯಂತ್ರದ ಸಹಾಯದಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯದ ಆಪರೇಷನ್ ಆಯಿತು. ಆಕೆ ಬದುಕಿದಳು. ಆ ಯಂತ್ರ ಓಡುತ್ತಿದ್ದದ್ದು ಆಪರೇಷನ್ ಮುಗಿಯುವವರೆಗೆ ಮಾತ್ರ. ಈಗ ನಾವು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಓಡಿಸುತ್ತೇವೆ.

2016ರಲ್ಲಿ ಟೊರೊಂಟೊದಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಶ್ವಾಸಕೋಶ ಹಾಳುಮಾಡುವ ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಹುಟ್ಟು ಕಾಯಿಲೆ ಇದ್ದ ಒಬ್ಬ ತಾಯಿ, ಮಗಳು ಇನ್ನೂ ಪುಟ್ಟವಳು. ಶ್ವಾಸಕೋಶದ ಸೋಂಕು ರಕ್ತಕ್ಕೆ ಹಬ್ಬಿ ಜೀವ ಹೋಗುವ ಹಾಗಿತ್ತು. ಸರ್ಜನ್ ಶಾಫ್ ಕೇಶವ್‌ಜೀ ಅವರ ತಂಡ ಎರಡೂ ಶ್ವಾಸಕೋಶ ತೆಗೆದುಬಿಟ್ಟಿತು. ಹಾಕೋಕೆ ಹೊಸದು ಇನ್ನೂ ಸಿಕ್ಕಿರಲಿಲ್ಲ! 6 ದಿನ ಆಕೆ ಶ್ವಾಸಕೋಶವೇ ಇಲ್ಲದೆ, ಯಂತ್ರಗಳ ಮೇಲೆ ಬದುಕಿದ್ದಳು. ಆಮೇಲೆ ದಾನಿಯ ಶ್ವಾಸಕೋಶ ಬಂತು, ಆಕೆ ಮಗಳ ಹತ್ತಿರ ಮನೆಗೆ ಹೋದಳು.

ಈಗ ನಿನ್ನ ಪ್ರಶ್ನೆ.

ಪುಟ್ಟೀ, ಸಾವು ನಾವು ಕಾದರೂ ಬರುತ್ತದೆ, ಕಾಯದಿದ್ದರೂ ಬರುತ್ತದೆ. ಎಲ್ಲೋ ಒಂದು ಐಸಿಯುನಲ್ಲಿ ಒಬ್ಬರ ಮೆದುಳು ನಿಂತಿದೆಯಾ ಅಂತ ಡಾಕ್ಟರುಗಳು ಎರಡು ಸಲ, 6 ಗಂಟೆ ಬಿಟ್ಟು ಪರೀಕ್ಷೆ ಮಾಡುತ್ತಾರೆ. ಆಮೇಲೆ ಆ ಮನೆಯವರನ್ನು ಕೂರಿಸಿಕೊಂಡು ಅಂಗದಾನಕ್ಕೆ ಒಪ್ಪುತ್ತೀರಾ ಅಂತ ಕೇಳುತ್ತಾರೆ. ಅಷ್ಟು ದುಃಖದಲ್ಲೂ ಅವರು "ಆಗಲಿ" ಅನ್ನಬೇಕು. ನಾವು ಕಾಯುವುದು ಆ ಒಂದು ಮಾತಿಗೆ. ನಮ್ಮಲ್ಲಿ ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಿಂದ ಕರೆ ಬಂದಾಗೆಲ್ಲ ನಾನು ಮೊದಲು ಕಣ್ಣು ಮುಚ್ಚಿ ಆ ಮನೆಯವರನ್ನು ನೆನೆಯುತ್ತೇನೆ. ಆಮೇಲೆ ಓಟ. ರಕ್ತದ ಗುಂಪು, ಎದೆಗೂಡಿನ ಅಳತೆ ಎರಡೂ ಹೊಂದಬೇಕು. ಹೊರತೆಗೆದ ಶ್ವಾಸಕೋಶ ಹೆಚ್ಚು ಹೊತ್ತು ಕಾಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಜೋಡಿಸಬೇಕು.

ಕರೆ ಬಾರದೆ ಹೋದ ದಿನಗಳೂ ಇವೆ. ಯಂತ್ರ ಕಾಯಿಲೆ ವಾಸಿ ಮಾಡುವುದಿಲ್ಲ, ಬರೀ ದಿನ ಕೊಡುತ್ತದೆ. ದಿನ ಹೋದಂತೆ ಸೋಂಕು, ರಕ್ತಸ್ರಾವದ ಭಯ ಜಾಸ್ತಿ. ಕೆಲವರನ್ನು ನಾವು ಕಳೆದುಕೊಂಡಿದ್ದೇವೆ. ಇದನ್ನು ನಿನ್ನಿಂದ ಮುಚ್ಚಿಡಲಾರೆ.

ಕಾಯುವಷ್ಟು ದಿನ ಶಕ್ತಿ ಉಳಿಯಲಿ ಅಂತಲೇ ನಿನ್ನ ಪೇಷಂಟನ್ನು ಎಚ್ಚರವಾಗಿಟ್ಟಿದ್ದಾರೆ. ಮಲಗಿಸಿಯೇ ಇಟ್ಟರೆ ಕಾಲಿನ ಮಾಂಸ ಕರಗಿಹೋಗುತ್ತದೆ. ಶಕ್ತಿ ಪೂರ್ತಿ ಉಡುಗಿದರೆ ಶ್ವಾಸಕೋಶ ಸಿಕ್ಕರೂ ಆಪರೇಷನ್ ತಡೆಯೋಕೆ ಆಗದು. ಫಿಸಿಯೋದವರು ಆಕೆಯನ್ನು ಎಬ್ಬಿಸುವಾಗ ಪೈಪು ಹಿಡಿಯುವ ಕೆಲಸ ನೀನೇ ಕೇಳಿ ತಗೋ. ಒಂದು ಕೈ ಕ್ಯಾನುಲಾದ ಹತ್ತಿರ, ಒಂದು ಕಣ್ಣು ರಕ್ತದ ಹರಿವಿನ ಅಂಕಿ ಮೇಲೆ. ಆಕೆ ಕಡೆ ನೋಡಿ ಮಾತಾಡುತ್ತಿರು, ಮನೆ ವಿಷಯ, ಮಕ್ಕಳ ವಿಷಯ, ಏನಾದರೂ.

ಊಟ ಬಿಡಬೇಡ. ಬುಧವಾರ ನನಗೆ ನೈಟ್ ಇಲ್ಲ, ಫೋನ್ ಮಾಡು. ಆಕೆ ಎಷ್ಟು ಹೆಜ್ಜೆ ನಡೆದಳು ಅಂತ ಹೇಳು.

ನಿನ್ನ
ಅಮ್ಮ